ದ್ರಾಕ್ಷಿಗೆ ಸುತ್ತಿದ ಎಂಎ ನೋಟ್ಸು

ಹಳೇ ಪೇಪರು ಏಳೆಂಟು ಸಾಲಿಗೆ ಕಡಿಮೆ ಬಿದ್ದದ್ದೇ ಎಲ್ಲಕ್ಕೂ ಕಾರಣ.

ಐನಾಪುರದ ಬಾಳೇಶನ ತೋಟದಲ್ಲಿ ದ್ರಾಕ್ಷಿ ಕಾಯಿಯೊಳಗೆ ನೀರು ತುಂಬಿ ಮೆತ್ತಗಾಗುವ ಕಾಲ. ಈ ಹೊತ್ತಿನಲ್ಲಿ ನೇರ ಬಿಸಿಲು ಬಿದ್ದರೆ ಕಾಯಿ ಕೆಂಪಾಗಿ ಕೆಡುತ್ತದೆ. ಅದಕ್ಕೆ ಒಂದೊಂದು ಗೊಂಚಲಿಗೂ ಹಳೇ ಪೇಪರು ಸುತ್ತಿ ಸ್ಟೇಪ್ಲರ್ ಹೊಡೆಯುತ್ತಾರೆ. ಲಗಮವ್ವನ ಗ್ಯಾಂಗಿನ ಎಂಟು ಹೆಣ್ಣಾಳುಗಳು ಎರಡು ದಿನದಿಂದ ಅದೇ ಕೆಲಸದಲ್ಲಿದ್ದರು. ಔಷಧಿ ತರಲೆಂದು ಅಥಣಿಗೆ ಹೋಗಿದ್ದ ಬಾಳೇಶ ಹನ್ನೊಂದು ಗಂಟೆಗೆ ಬಂದು ಬೈಕು ನಿಲ್ಲಿಸಿದ. ಗೇಟಿನ ಪಕ್ಕದ ಗೊಂಚಲಿನ ಮೇಲೆ ಅವನದೇ ಅಕ್ಷರ ಕಂಡಿತು.

ನೀಲಿ ಶಾಯಿ, ಕೆಂಪು ಅಡಿಗೆರೆ. ದುರಂತ ನಾಟಕದ ಆರು ಅಂಗಗಳು ಅಂತ ಇಂಗ್ಲಿಷಿನಲ್ಲಿ ಶುರುವಾಗಿ ಮೂರನೆಯ ಅಂಗದ ಎದೆಗೆ ಪಿನ್ನು ಬಿದ್ದಿತ್ತು. ಉಳಿದ ಮೂರು ಅಂಗ ಪಕ್ಕದ ಗಿಡದಲ್ಲಿ ನೇತಾಡುತ್ತಿದ್ದವು.

ಹೆಂಡತಿ ಸೀಮಾ ಚಹಾದ ಕಿಟಲಿ ಹಿಡಿದು ಬರುತ್ತಿದ್ದಳು.

"ಪೇಪರ್ ಸಾಲಲಿಲ್ರಿ. ಅಟ್ಟದ ಮ್ಯಾಲಿನ ಟ್ರಂಕಿನ್ಯಾಗ ನಿಮ್ಮ ಎಂಎ ನೋಟ್ಸಿನ ವಹಿ ಸುಮ್ನ ಬಿದ್ದಿದ್ವು, ಕೊಟ್ಟೆ. ಲಗ್ನ ಆದಾಗಿನಿಂದ ನೀವು ಅವನ್ನ ಓದಿದ್ದಂತೂ ನಾ ನೋಡಿಲ್ಲ."

"ಎಲ್ಲಾ ಕೊಟ್ಟಿ?"

"ಎಲ್ಲಾ ಕೊಟ್ಟೆ. ಹಾಳಿ ದಪ್ಪ ಅದಾವ, ಛಲೋ ಆತು ಅಂದ್ಲು ಲಗಮವ್ವ."

ನೋಟ್ಸು ಹೋದರೆ ಹೋಗಲಿ, ಅವು ಬಾಳೇಶನನ್ನು ಯಾವತ್ತೂ ಉದ್ಧಾರ ಮಾಡಿರಲಿಲ್ಲ. ಆದರೆ ಕಡೆಯ ವಹಿಯಲ್ಲಿ ಅಂಚಿಗೆ ಅಂಟು ಹಚ್ಚಿ ಕೂಡಿಸಿದ್ದ ಎರಡು ಹಾಳೆ ಇದ್ದವು. ಅವನ ಇಪ್ಪತ್ತಾರು ವರ್ಷದ ಗುಟ್ಟು ಇದ್ದದ್ದು ಆ ಎರಡು ಹಾಳೆಯ ನಡುವೆ.

ಆಗ ಧಾರವಾಡದಲ್ಲಿ ಅವನದು ಇಂಗ್ಲಿಷ್ ಸಾಹಿತ್ಯದ ಎಂಎ ಕಡೇ ವರ್ಷ. ಕನ್ನಡ ಮಾಧ್ಯಮದಲ್ಲಿ ಕಲಿತು ಹೋದ ಬಾಳೇಶ ಪ್ರತಿ ಇಂಗ್ಲಿಷ್ ಪದದ ತಲೆಯ ಮೇಲೂ ಪೆನ್ಸಿಲಿನಿಂದ ಕನ್ನಡ ಅರ್ಥ ಬರೆದುಕೊಳ್ಳುತ್ತಿದ್ದ. ಕ್ಲಾಸಿನಲ್ಲಿ ನಗದೇ ಇದ್ದವಳು ನಿಪ್ಪಾಣಿಯ ಮನಿಷಾ ಒಬ್ಬಳೇ. ಪರೀಕ್ಷೆಯ ಕಡೇ ಪೇಪರಿನ ಹಿಂದಿನ ದಿನ, ಎರಡು ದಿನ ಮೊದಲು ಒಯ್ದಿದ್ದ ಅವನ ವಹಿಯನ್ನು ಲೈಬ್ರರಿಯ ಮೆಟ್ಟಿಲ ಮೇಲೆ ತಿರುಗಿ ಕೊಟ್ಟಿದ್ದಳು. ಒಳಗೆ ಎರಡು ಹಾಳೆ ಅಂಟಿದ್ದವು. ಮೇಲೆ ಸಣ್ಣಗೆ, "ಒಬ್ಬನೇ ಇದ್ದಾಗ ತಗಿ."

ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣವೇ ತೆಗೆಯುತ್ತಿದ್ದರು. ಬಾಳೇಶ ಆದರ್ಶವಾದಿ. ಮೊದಲು ಪಾಸಾಗೋಣ, ಯೋಗ್ಯತೆ ಬರಲಿ, ಆಮೇಲೆ ತೆಗೆಯೋಣ ಎಂದುಕೊಂಡ. ಎರಡು ಅಂಕಕ್ಕೆ ಆ ಪೇಪರೇ ಹೋಯಿತು. ಯಾವ ಮುಖ ಇಟ್ಟುಕೊಂಡು ತೆಗೆಯಬೇಕು? ಅಷ್ಟರಲ್ಲಿ ಅಪ್ಪ ದ್ರಾಕ್ಷಿ ಹಚ್ಚಿ ಮಗನನ್ನು ಊರಿಗೆ ಕರೆಸಿಕೊಂಡ. ಸೀಮಾಳ ತಂದೆ ಬಂದು "ಹುಡುಗ ಎಂಎ ಓದ್ಯಾನೇನು?" ಅಂತ ಕೇಳಿದಾಗ ಎಲ್ಲರೂ ಹೌದೆಂದರು. ಅದು ಸುಳ್ಳೇನಲ್ಲ. ಪಾಸಾಗ್ಯಾನೇನು ಅಂತ ಯಾರೂ ಕೇಳಲಿಲ್ಲ. ಅವತ್ತಿನಿಂದ ಊರಿಗೆಲ್ಲ ಅವನು ಎಂಎ ಬಾಳೇಶ. ಕೀಟನಾಶಕದ ಚೀಟಿಯಿಂದ ಹಿಡಿದು ಮಿಕ್ಸರಿನ ಗ್ಯಾರಂಟಿ ಕಾರ್ಡಿನವರೆಗೆ ಊರಿನ ಇಂಗ್ಲಿಷೆಲ್ಲ ಅವನ ಪಾಲಿಗೆ ಬಂತು. ಮನಿಷಾ ಅದೇ ವರ್ಷ ಮದುವೆಯಾಗಿ ಹೋದಳೆಂದು ಕೇಳಿದ. ವರ್ಷಕ್ಕೊಮ್ಮೆ ದೀಪಾವಳಿಯ ಧೂಳು ಹೊಡೆಯುವ ನೆಪದಲ್ಲಿ ಅಟ್ಟ ಹತ್ತಿ ಆ ಎರಡು ಹಾಳೆ ಸವರಿ ಇಳಿಯುತ್ತಿದ್ದ. ತೆಗೆದರೆ ಅದು ಮುಗಿದೇ ಹೋಗುತ್ತದೆಂಬ ಭಯ ಅವನಿಗೆ.

ಈಗ ಅದು ಯಾವುದೋ ಗೊಂಚಲಿನ ಮೈಮೇಲಿತ್ತು. ಯಾರ ಕೈಗಾದರೂ ಸಿಕ್ಕರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಊರು ಹಾಳಾಗಲಿ, ಸೀಮಾಳ ಕೈಗೆ ಸಿಕ್ಕರೆ?

ಬಾಳೇಶ ಮೊದಲ ಸಾಲಿಗೆ ನುಗ್ಗಿದ. ಪಿನ್ನು ಕಿತ್ತು, ಹಾಳೆ ಬಿಚ್ಚಿ, ಎರಡೂ ಕಡೆ ನೋಡಿ, ಮುಂದಿನ ಗೊಂಚಲಿಗೆ ಹಾರಿದ. ಆದರೆ ಕಣ್ಣು ಸುಮ್ಮನಿರಬೇಕಲ್ಲ. ಒಂದು ಹಾಳೆಯಲ್ಲಿ ಕವಿತೆಯ ಸಾಲು, ಅದರ ತಲೆಯ ಮೇಲೆ ಪೆನ್ಸಿಲಿನಲ್ಲಿ ‘ಮುಸ್ಸಂಜೆ’, ‘ನಿಟ್ಟುಸಿರು’. ಆ ಕವಿತೆ ಓದುವಾಗ ಮೇಷ್ಟ್ರು ಕಣ್ಣು ಮುಚ್ಚುತ್ತಿದ್ದರು, ಬೆಲ್ಲು ಹೊಡೆದರೂ ತೆರೆಯುತ್ತಿರಲಿಲ್ಲ. ಇನ್ನೊಂದರಲ್ಲಿ ಮೆಸ್ಸಿನ ಸಾರಿನ ಕಲೆ. ಮತ್ತೊಂದರ ಅಂಚಿನಲ್ಲಿ ಮನಿಷಾ ಬರೆದದ್ದು, "ನಿದ್ದಿ ಮಾಡಬ್ಯಾಡ, ಸರ್ ನೋಡಾಕತ್ತಾರ." ಬಾಳೇಶ ಬಳ್ಳಿಯ ಕೆಳಗೆ ನಿಂತಲ್ಲೇ ನಿಂತ. ಎಷ್ಟು ಚಂದದ ದಿನಗಳು ಅವು, ಅವನಿಗೆ ಅರ್ಥವಾಗದ ಪಾಠಗಳು ಕೂಡ ಎಷ್ಟು ಚಂದವಿದ್ದವು.

"ನಾವು ಸುತ್ತಿದ್ದು ಬರೋಬ್ಬರಿ ಆಗಿಲ್ಲೇನ್ರಿ ಸಾವ್ಕಾರ?" ಅಂತ ಹಿಂದಿನಿಂದ ಲಗಮವ್ವ ಕೇಳಿದಳು. "ನಾವು ಮುಂದ ಸುತ್ತಿಕೋತ ಹೊಂಟೇವಿ, ನೀವು ಹಿಂದ ಬಿಚ್ಚಿಕೋತ ಬರಾಕತ್ತೀರಿ."

"ಚೆಕ್ ಮಾಡಾಕತ್ತೇನಿ," ಎಂದ ಬಾಳೇಶ.

ಬೇಲಿಯಾಚೆಯ ತೋಟದ ಸಂಭಾಜಿ ಇದನ್ನೆಲ್ಲ ಆಗಿನಿಂದ ನೋಡುತ್ತಿದ್ದ. ಪಕ್ಕದವನ ತೋಟದಲ್ಲಿ ಏನು ನಡೆದರೂ ತನ್ನ ತೋಟದಲ್ಲಿ ಅದನ್ನೇ ಮಾಡುವುದು ಅವನ ಬೇಸಾಯ.

"ಅರೆ ಬಾಳೇಶರಾವ್, ಕಾಯ್ ಝಾಲಂ? ಏನಾತು? ಗೊಂಚಲಕ್ಕ ರೋಗ ಬಿದ್ದೈತೇನು?"

"ಏನಿಲ್ಲ. ಸ್ವಲ್ಪ ಗಾಳಿ ಆಡ್ಲಿ ಅಂತ..."

"ಇಂಗ್ಲಿಷ್ ಬುಕ್ಕಿನ್ಯಾಗ ಬಂದೈತೇನು?"

ಬಾಳೇಶನ ಕೈಯಲ್ಲಿ ಆಗ ಇದ್ದದ್ದು ಶೋಕಗೀತೆಯ ಲಕ್ಷಣಗಳು. "ಹೌದು," ಎಂದುಬಿಟ್ಟ.

ಆ ಒಂದು ಹೌದು ಸಾಕಾಯಿತು. ಸಂಭಾಜಿ ಬೇಲಿಯ ಬಳಿಯೇ ನಿಂತು ನಾಲ್ಕು ಮಂದಿಗೆ ಫೋನು ಹಚ್ಚಿದ. ಎಂಎ ಬಾಳೇಶ ಓದಿ ಮಾಡುತ್ತಿದ್ದಾನೆಂದರೆ ಸುಮ್ಮನೆಯೇ? ಮಧ್ಯಾಹ್ನ ಎರಡರೊಳಗೆ ಸುತ್ತಲಿನ ಐದು ತೋಟದಲ್ಲಿ ಪೇಪರು ಬಿಚ್ಚುವ ಕೆಲಸ ಭರದಿಂದ ಸಾಗಿತ್ತು. ಬಿಸಿಲು ಗೊಂಚಲುಗಳ ಮೇಲೆ ಸುರಿಯುತ್ತಿತ್ತು. ನಿಲ್ಲಿಸಿರಿ ಎನ್ನಲು ಬಾಳೇಶನಿಗೆ ಬಾಯಿ ಬರಲಿಲ್ಲ. ನಿಲ್ಲಿಸಬೇಕೆಂದರೆ ತಾನೇಕೆ ಬಿಚ್ಚುತ್ತಿದ್ದೇನೆಂದು ಹೇಳಬೇಕಾಗುತ್ತಿತ್ತು.

ಆರು ಸಾಲು ಮುಗಿದರೂ ಹಾಳೆ ಸಿಗಲಿಲ್ಲ. ಬೆವರಿನಲ್ಲಿ ತೊಯ್ದು ಹೋಗಿದ್ದ ಬಾಳೇಶ ಕಡೆಗೆ ನಾಚಿಕೆ ಬಿಟ್ಟು ಲಗಮವ್ವನನ್ನೇ ಕೇಳಿದ.

"ಲಗಮವ್ವಾ, ಎರಡು ಹಾಳಿ ಅಂಟಿದ್ದು ಒಂದು ಬಂದಿತ್ತೇನು ಕೈಯಾಗ?"

"ಬಂದಿತ್ತಲ್ರಿ. ಜೋಡಿ ಹಾಳಿ, ದಪ್ಪ ಐತಿ, ಪಡುವಣ ಬಿಸಿಲಿಗೆ ತಡೀತೈತಿ ಅಂತ ಕಡೀ ಗಿಡದ ದೊಡ್ಡ ಗೊಂಚಲಕ್ಕ ಸುತ್ತೇನಿ. ಮುಂಜಾನೇನ ಕೇಳಿದ್ರ ಹೇಳತಿದ್ನಲ್ಲ."

ಬಾಳೇಶ ಓಡಿದ. ಕಡೇ ಗಿಡದಲ್ಲಿ ಅದು ಇತ್ತು. "ಒಬ್ಬನೇ ಇದ್ದಾಗ ತಗಿ." ಸುತ್ತ ಯಾರೂ ಇರಲಿಲ್ಲ. ಇಷ್ಟೆಲ್ಲ ಆದ ಮೇಲೆ ಮತ್ತೆ ಅಟ್ಟಕ್ಕೆ ಸೇರಿಸುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಉಗುರಿನಿಂದ ಅಂಚು ಎಬ್ಬಿಸಿದ. ಒಣಗಿದ ಹಿಟ್ಟಿನ ಅಂಟು ಪುಡಿಪುಡಿಯಾಗಿ ಉದುರಿತು. ಹಾಸ್ಟೆಲಿನ ಹುಡುಗಿಗೆ ಹಿಟ್ಟು ಎಲ್ಲಿ ಸಿಕ್ಕಿತು ಎಂದು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಒಳಗೆ ಕನ್ನಡದಲ್ಲೇ ಬರೆದಿತ್ತು.

"ಬಾಳೇಶ, ಹತ್ತು ವರ್ಷದ ಹಳೇ ಪ್ರಶ್ನೆಪತ್ರಿಕೆ ಎಲ್ಲಾ ಕೂಡಿಸಿ ನೋಡಿ ನಾಳಿನ ಪೇಪರಿಗೆ ಐದು ಪ್ರಶ್ನೆ ತೆಗೆದೇನಿ. ಇವತ್ತ ಇವಷ್ಟೇ ಓದು."

ಕೆಳಗೆ ಒಂದರ ಕೆಳಗೊಂದು ಐದು ಪ್ರಶ್ನೆ. ಫೇಲಾದ ಪೇಪರನ್ನು ಮನುಷ್ಯ ಎಂದೂ ಮರೆಯುವುದಿಲ್ಲ. ಅವುಗಳಲ್ಲಿ ನಾಲ್ಕು ಪ್ರಶ್ನೆ ಆವತ್ತು ಬಂದಿದ್ದವು.

ಐದರ ಕೆಳಗೆ ಇನ್ನೂ ಎರಡು ಸಾಲು ಇದ್ದವು. "ಎಂಎ ಪಾಸಾದ ಹುಡುಗ ಆದರ ಲಗ್ನದ ಮಾತಾಡೂಣು ಅಂತ ನಮ್ಮಪ್ಪ ಅಂದಾರ. ಓದ್ತೀ ಅಲ್ಲ?"

ಬಾಳೇಶ ಗಿಡದ ಬುಡದಲ್ಲಿ ಕುಳಿತು ಆ ಎರಡು ಸಾಲನ್ನು ಮತ್ತೆ ಮತ್ತೆ ಓದಿದ. ಕಿಟಲಿಯ ಸಪ್ಪಳಕ್ಕೆ ತಲೆ ಎತ್ತಿದರೆ ಸೀಮಾ ನಿಂತಿದ್ದಳು.

"ಏನೈತ್ರಿ ಅದರಾಗ?"

"ಪ್ರಶ್ನಿ ಅದಾವ," ಎಂದ, ಹಾಳೆ ಮಡಚುತ್ತ. "ಐದು."

"ಮತ್ತ ಅದರ ಕೆಳಗಿಂದು?"

ಸೀಮಾ ಸಮಾಧಾನದಿಂದ ಚಹಾ ಬಗ್ಗಿಸಿದಳು.

"ಲಗ್ನ ಆದ ವರ್ಷನ ಓದೇನಿ. ಓದಿ ಗೋದಿ ಹಿಟ್ಟಿನ ಅಂಟು ಹಚ್ಚಿ ಮತ್ತ ಅಲ್ಲೇ ಇಟ್ಟೆ. ವರ್ಷಾ ದೀಪಾವಳಿಗೆ ಅಟ್ಟ ಹತ್ತತಿದ್ರಿ. ಈ ವರ್ಷ ತಗೀತಾರ, ಈ ವರ್ಷ ತಗೀತಾರ ಅಂತ ನಾ ಕೆಳಗ ನಿಂತು ನಿಚ್ಚಣಿಕಿ ಹಿಡಕೊಂಡು ಕಾಯ್ತಿದ್ದೆ. ಇನ್ನ ನನ್ನ ಕೈಲೆ ಆಗೂದಿಲ್ಲ ಅಂತ ಮುಂಜಾನೆ ಟ್ರಂಕ್ ಕೊಟ್ಟುಬಿಟ್ಟೆ."

"ಹಂಗಾರ ನಾ ಪಾಸಾಗಿಲ್ಲ ಅನ್ನೂದು..."

"ಅದೂ ಆವತ್ತ ತಿಳೀತು. ಪಾಸಾಗಿದ್ದರ ನನ್ನ ಯಾಕ ಮಾಡ್ಕೊತಿದ್ರಿ?"

ಆಗಲೇ ಬೇಲಿಯ ಹತ್ತಿರ ಗದ್ದಲ ಕೇಳಿಸಿತು. ಸಂಭಾಜಿ ಮತ್ತು ನಾಲ್ಕು ತೋಟದವರು ಬಂದಿದ್ದರು. ಗಾಳಿ ಎಷ್ಟು ಹೊತ್ತು ಆಡಬೇಕು, ಮತ್ತೆ ಯಾವಾಗ ಸುತ್ತಬೇಕು, ಅದೂ ಬುಕ್ಕಿನಲ್ಲಿ ಬರೆದಿರಬೇಕಲ್ಲ ಎಂಬುದು ಅವರ ಪ್ರಶ್ನೆ. ಲಗಮವ್ವ ಮಾತ್ರ ಬುತ್ತಿಯ ಗಂಟು ಕಟ್ಟುತ್ತ, "ನಮ್ಮ ಹೊತ್ತ ಮುಗೀತ್ರಿ, ಬಿಚ್ಚಿದವ್ರ ಸುತ್ತಬೇಕು," ಎಂದು ಹೆಣ್ಣಾಳುಗಳನ್ನು ಕರೆದುಕೊಂಡು ಹೊರಟಳು.

"ಎಂಎ ಸಾಹೇಬ್ರ ಈಗ ಸುತ್ತಿ ತೋರಿಸ್ತಾರ, ನಿಂತು ನೋಡ್ರಿ," ಎಂದು ಸೀಮಾ ಬೇಲಿಯ ಕಡೆ ಕೂಗಿ ಹೇಳಿದಳು. ಆಮೇಲೆ ಗಂಡನ ಕೈಗೆ ಸ್ಟೇಪ್ಲರ್ ಕೊಟ್ಟಳು. ಬಾಳೇಶ ಮನಿಷಾಳ ಹಾಳೆಯನ್ನು ಕಡೇ ಗಿಡದ ದೊಡ್ಡ ಗೊಂಚಲಿಗೆ ಮತ್ತೆ ಸುತ್ತಿದ. ಬರೆದ ಬದಿ ಒಳಗಾಗುವಂತೆ ಸೀಮಾ ಅದನ್ನು ಸರಿಮಾಡಿ ಹಿಡಿದಳು, ಅವನು ಪಿನ್ನು ಹೊಡೆದ.