ಸಾಹೇಬರು ಮೆಚ್ಚಿದ ಕೇಬಲ್

ನಡುರಾತ್ರಿ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಅತ್ತೆ ನಿದ್ದೆಗಣ್ಣಲ್ಲೇ ‘ಕೃಷ್ಣ ಕೃಷ್ಣ’ ಎಂದು ನೆಲ ತಟ್ಟಿದರು. ಸಿದ್ದಗಂಗಮ್ಮ ಮಾತ್ರ ಆಫೀಸಿನ ಕಂಪ್ಯೂಟರೇ ಗೊಣಗಿತೆಂದು ಎದ್ದು ಕೂತಳು.

ಮಧುಗಿರಿಯ ಸಹಕಾರ ಸಂಘಕ್ಕೆ ಅದು ಬಂದು ವರ್ಷವಾಗಿತ್ತು. ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಹೋದಂತೆ ಅದರ ಕೋಣೆಗೆ ಹೋಗಬೇಕು. ಒಬ್ಬ ಸದಸ್ಯನ ಹೆಸರು ಹುಡುಕು ಎಂದರೆ ಸಾಕು, ತಿಪ್ಪೆ ಕೆದಕುವ ಕೋಳಿಯಂತೆ ಡಿಸ್ಕನ್ನು ಕೆದಕುತ್ತಲೇ ಇರುತ್ತಿತ್ತು. ಬೆಳಗಾದರೆ ತುಮಕೂರಿನ ಸಾಹೇಬರ ತಪಾಸಣೆ. ನಿಧಾನವೆಂದು ಕಂಡರೆ ಯಂತ್ರ ವಾಪಸು, ಅದನ್ನು ನಡೆಸುವ ಸಿದ್ದಗಂಗಮ್ಮ ಪಾವಗಡದ ಶಾಖೆಗೆ. ಗಂಡನ ಕೆಲಸ ಇಲ್ಲಿ, ಮಗಳು ಶಾಲೆಗೆ ಸೇರಿದ್ದೂ ಇಲ್ಲೇ.

ಹೆಡ್ ಗುಮಾಸ್ತ ಸಂಜೀವಯ್ಯನವರು ಬೆಂಗಳೂರಿಂದ ಡಿಸ್ಕಿನ ಹೊಸ ಕೇಬಲ್ ತರಿಸಿದ್ದರು. “ತೋವಿನಕೆರೆ ತೋಟದಾಗೆ ಎಲ್ಡಿಂಚು ಪೈಪ್ ಕಿತ್ತಾಕಿ ಮೂರಿಂಚಿಂದು ಹಾಕಿಸ್ದೆ. ನೀರು ಹೆಂಗ್ ನುಗ್ತು ಅಂತೀಯಾ? ಇದೂ ಅಂಗೇ ಕಣಮ್ಮ.”

ಬಾವಿಯೇ ಬತ್ತಿದ್ದರೆ ಪೈಪು ಏನು ಮಾಡೀತು ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದು, ಹಿಂದಕ್ಕೆ ಹೋಯಿತು.

ಬೆಳಿಗ್ಗೆ ಹಳೆಯದನ್ನು ಬಿಚ್ಚಿ ಹೊಸದನ್ನು ಸಿಕ್ಕಿಸಿದಳು. ಟೈಪಿಸ್ಟ್ ರಾಜಲಕ್ಷ್ಮಮ್ಮ ರಾಹುಕಾಲ ಕಳೆಯಲಿ ಎಂದರು. ಜವಾನ ಬೋರಯ್ಯ ಕೇಬಲ್ಲಿಗೆ ಕುಂಕುಮ ಹಚ್ಚಲು ಬಂದ. ಅವಳು ಕೈ ಅಡ್ಡ ಹಿಡಿದಳು. ಸ್ವಿಚ್ ಹಾಕಿದರೆ ಯಂತ್ರ ಕಣ್ಣೇ ಬಿಡಲಿಲ್ಲ. ತಲೆಕೆಳಗಾಗಿ ಸಿಕ್ಕಿಸಿದ್ದೇನೆಂದು ಹೊಳೆದು ಅದನ್ನು ಕಿತ್ತಳು. ಅಷ್ಟರಲ್ಲಿ ಕರೆಂಟು ಹೋಯಿತು. ಧೂಳು ಬರಬಾರದೆಂದು ಕಿಟಕಿಗೆಲ್ಲ ರಟ್ಟು ಬಡಿದ ಕೋಣೆ, ಕಗ್ಗತ್ತಲು. ಹೊರಗೆ ಸಾಹೇಬರ ಜೀಪು ನಿಂತ ಸದ್ದು. ತಡಕಾಡಿ, ಕೈಗೆ ಸಿಕ್ಕಿದ ಕೇಬಲನ್ನು ಸಿಕ್ಕಿಸಿದಳು.

ಕರೆಂಟು ಬಂತು, ಯಂತ್ರವೂ ಎದ್ದಿತು. ಸಾಹೇಬರು ಚನ್ನರಾಯನದುರ್ಗದ ಗಂಗಯ್ಯನನ್ನು ಹುಡುಕಲು ಹೇಳಿದರು. ಆ ಕಡೆ ಮನೆಗೊಬ್ಬ ಗಂಗಯ್ಯ. ಡಿಸ್ಕು ಕೆದಕತೊಡಗಿತು. ಆಗಲೇ ಸಂಜೀವಯ್ಯನವರು ಮೂರಿಂಚು ಪೈಪಿನ ಕತೆ ತೆಗೆದರು. ಸಾಹೇಬರಿಗೂ ತೋಟವಿತ್ತು; ಅವರದು ನಾಲ್ಕಿಂಚೇ ವಾಸಿ ಎಂಬ ಪಕ್ಷ. ವಾದ ಬಿಸಿಯಾಯಿತು. ಇಬ್ಬರೂ ಈ ಕಡೆ ತಿರುಗುವ ಹೊತ್ತಿಗೆ ಗಂಗಯ್ಯ ಪರದೆಯ ಮೇಲೆ ಹಾಜರಿದ್ದ.

“ಇಷ್ಟು ಬೇಗನಾ? ಕೇಬಲ್ ಅಂದ್ರೆ ಇದು ಕಣ್ರಿ,” ಎಂದರು ಸಾಹೇಬರು. “ಪಾವಗಡಕ್ಕೂ ಒಂದು ಯಂತ್ರ ಕೊಟ್ಟಿದೀವಿ, ಅದಕ್ಕೂ ಇದೇ ಕಾಯಿಲೆ. ನಿಮ್ಮ ಕೈಗುಣ ಚೆನ್ನಾಗಿದೆಯಮ್ಮ. ಸೋಮವಾರದಿಂದ ಅಲ್ಲಿಗೆ ಹೋಗಿ. ಅದು ಚುರುಕಾದ ದಿನ ವಾಪಸು ಬನ್ನಿ.”

ಜೀಪು ಹೊರಟ ಮೇಲೆ ಅವಳು ಮೇಜಿನ ಕೆಳಗೆ ಬಗ್ಗಿದಳು. ಅಂಗಡಿಯ ಚೀಟಿ ಅಂಟಿಸಿದ ಹೊಸ ಕೇಬಲ್ ಅಲ್ಲೇ ಹಾವಿನ ಪೊರೆಯಂತೆ ಬಿದ್ದಿತ್ತು. ಯಂತ್ರದೊಳಗಿದ್ದದ್ದು ಹಳೆಯದೇ.

ಹೇಳಿದರೆ ಯಂತ್ರ ನಿಧಾನವೆಂದು ಪಾವಗಡ. ಹೇಳದಿದ್ದರೆ ಚುರುಕೆಂದು ಪಾವಗಡ. ಅವಳಿಗೆ ನಗು ಬಂತು. ಪಾವಗಡದಲ್ಲೂ ಒಬ್ಬ ಹೆಡ್ ಗುಮಾಸ್ತ ಇದ್ದೇ ಇರುತ್ತಾನೆ. ಅವನಿಗೂ ಒಂದು ತೋಟವಿದ್ದರೆ, ಎಂಟೇ ದಿನದಲ್ಲಿ ವಾಪಸು ಬರಬಹುದು. ಕೇಬಲನ್ನು ಸುತ್ತಿ ಊಟದ ಡಬ್ಬಿಯ ಪಕ್ಕಕ್ಕೆ ಸೇರಿಸಿ, ಈ ಸಂಗತಿಯನ್ನು ಗಂಡನಿಗೂ ಹೇಳಬಾರದೆಂದು ತೀರ್ಮಾನಿಸಿದಳು.