ಚಾಕುವಿನ ಮಾತಿಗೆ ಚಂದಾ ಇಲ್ಲ

ಶಾಲೆಯಲ್ಲಿ ಯಾವುದಕ್ಕೆ ಹಣ ಹುಟ್ಟುತ್ತದೆ, ಯಾವುದಕ್ಕೆ ಹುಟ್ಟುವುದಿಲ್ಲ ಎಂಬುದು ಇಷ್ಟು ವರ್ಷ ವಿಜ್ಞಾನ ಕಲಿಸಿದ ಮೇಲೂ ನನಗೆ ಅರ್ಥವಾಗಿಲ್ಲ. ವಾರ್ಷಿಕೋತ್ಸವದ ಅತಿಥಿಗಳಿಗೆ ಶಾಲು ಹೊದಿಸಬೇಕೆಂದರೆ ಸಾಕು, ಹಣ ತಾನಾಗಿಯೇ ನಡೆದು ಬರುತ್ತದೆ. ನಮ್ಮದು ಕೂನೂರಿನ ಆಚೆ, ಟೀ ತೋಟಗಳ ನಡುವಿನ ಹೈಸ್ಕೂಲು. ಇಲ್ಲಿಯ ಚಳಿಗೆ ಶಾಲು ಬೇಕಾದದ್ದು ಮಕ್ಕಳಿಗೆ. ಹೊದಿಸುವುದು ಕೋಟು ತೊಟ್ಟು ಕಾರಿನಲ್ಲಿ ಬಂದವರಿಗೆ. ಇರಲಿ, ನನ್ನ ಸಿಟ್ಟು ಶಾಲಿನ ಮೇಲಲ್ಲ.

ನನ್ನ ಸಿಟ್ಟು ಶುರುವಾದದ್ದು ಒಂದು ಸಂಜೆ, ಶಾಲೆ ಬಿಟ್ಟ ಮೇಲೆ, ಬಸ್ ಸ್ಟಾಪಿನಲ್ಲಿ. ಹತ್ತನೇ ತರಗತಿಯ ಪ್ರವೀಣನಿಗೂ ಸೆಲ್ವನಿಗೂ ಮೊಬೈಲಿನ ಒಂದು ತಮಾಷೆಯ ಫೋಟೊ ವಿಷಯಕ್ಕೆ ಜಗಳವಾಯಿತು. ಪ್ರವೀಣ ಬ್ಯಾಗಿನಿಂದ ಟೀ ಗಿಡ ಸವರುವ ಕತ್ತಿ ತೆಗೆದ. ತಡೆಯಲು ಹೋದ ಸೆಲ್ವನ ಅಂಗೈ ಸೀಳಿತು. ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ದಾರಿಯುದ್ದಕ್ಕೂ ಅವನು ಕೇಳಿದ್ದು ಒಂದೇ ಮಾತು: "ಸಾರ್, ಇದು ಬರೆಯೋ ಕೈ. ಪರೀಕ್ಷೆ ಬರೀಬೋದಾ?" ಬ್ಯಾಂಡೇಜು ಸುತ್ತಿದ ನರ್ಸ್ ಸುಮತಿ, "ಬರೀಬೋದು ಕಣಪ್ಪಾ" ಎಂದು ಅವನಿಗೆ ಹೇಳಿ, ನನ್ನತ್ತ ತಿರುಗಿ, "ಇದರ ಬಗ್ಗೆ ನಿಮ್ಮ ಸ್ಕೂಲಲ್ಲಿ ಯಾರೂ ಮಾತೇ ಆಡಲ್ವಾ ಸಾರ್?" ಎಂದರು.

ಪೋಷಕರ ಸಂಘದ ಸಭೆಯಲ್ಲಿ ನಾನು ಕೇಳಿದ್ದು ಇಷ್ಟೇ. ನಮ್ಮಲ್ಲೂ ಸುತ್ತಲ ಹೈಸ್ಕೂಲುಗಳಲ್ಲೂ ಆ ಸುಮತಿ ಸಿಸ್ಟರ್ ಅವರಿಂದ ಮಕ್ಕಳ ಜೊತೆ ಮಾತಾಡಿಸೋಣ, ಜೀಪಿನ ಬಾಡಿಗೆ, ಮೈಕಿನ ಖರ್ಚು ಸಂಘ ಕೊಡಲಿ. ಅಧ್ಯಕ್ಷ ಭೋಜಣ್ಣ ಊರಿನವರ ಟೀ ಎಲೆ ಕೊಂಡು ಫ್ಯಾಕ್ಟರಿಗೆ ಹಾಕುವ ಏಜೆಂಟ್. "ಇಲ್ಲೆ ಸಾರ್," ಎಂದರು ತಮ್ಮ ಬೆಟ್ಟದ ಮಾತಿನಲ್ಲಿ. "ಚಾಕು ಬಗ್ಗೆ ಮೀಟಿಂಗ್ ಇಟ್ಟರೆ ನಮ್ಮ ಸ್ಕೂಲಲ್ಲಿ ಚಾಕು ಇದೆ ಅಂತ ಆಗುತ್ತಲ್ಲ? ಅಡ್ಮಿಷನ್ ಬಿದ್ದೋಗುತ್ತೆ."

"ಇತ್ತಲ್ಲ ಭೋಜಣ್ಣ! ಹುಡುಗನ ಕೈ ಕತ್ತರಿಸಿತಲ್ಲ!"

"ಅದಕ್ಕೇ ಹೊಸ ಗೇಟು ಹಾಕಿಸೋಣ."

ಗೇಟಿಗೆ ಎಲ್ಲರೂ ಒಪ್ಪಿದರು. ಮೇಲೊಂದು ಕಮಾನು, ಕಮಾನಿನಲ್ಲಿ ದಾನಿಗಳ ಹೆಸರು. ಆ ಕತ್ತಿ ಏನು ಗೋಡೆ ಹಾರಿ ಬಂದಿತ್ತೇ? ಊಟದ ಡಬ್ಬಿಯ ಪಕ್ಕದಲ್ಲಿ, ಯೂನಿಫಾರ್ಮು ತೊಟ್ಟ ಹುಡುಗನ ಬೆನ್ನೇರಿ, ಎಲ್ಲರ ಎದುರೇ ಒಳಗೆ ಬಂದಿತ್ತು. ಇದನ್ನು ನಾನು ಮನೆಯಲ್ಲಿ ಎಷ್ಟು ಸಲ ಹೇಳಿದೆನೆಂದರೆ, ನನ್ನ ಹೆಂಡತಿ ಗೇಟು ಎಂಬ ಪದವನ್ನೇ ಮನೆಯಲ್ಲಿ ನಿಷೇಧಿಸಿದಳು.

ಕೊನೆಗೆ ಸಿಸ್ಟರ್ ತಮ್ಮ ರಜೆಯ ದಿನ ಬಸ್ಸು ಹಿಡಿದು ತಾವೇ ಬಂದರು. ಮೈಕಿಲ್ಲದೆ, ಮಕ್ಕಳ ನಡುವೆಯೇ ಬೆಂಚಿನ ಮೇಲೆ ಕೂತು ಕೇಳಿದರು, "ಚಾಕು ಯಾಕೆ ತರ್ತೀರಿ?" ಆಗ, ಅಮಾನತು ಮುಗಿಸಿ ಬಂದಿದ್ದ ಪ್ರವೀಣ ಹಿಂದಿನ ಸಾಲಿನಲ್ಲಿ ಎದ್ದು ನಿಂತ. "ಹೆದರಿಸೋಕೆ ತಂದೆ ಸಿಸ್ಟರ್. ಹೊರಗೆ ತೆಗೆದ ಮೇಲೆ, ಎಲ್ಲಾರೂ ನೋಡ್ತಾ ಇದ್ದರು. ವಾಪಸ್ ಇಡೋಕೆ ನಾಚಿಕೆ ಆಯ್ತು." ಮುಂದೆ ಹೇಳಲಾಗದೆ ಅತ್ತುಬಿಟ್ಟ. ಸೆಲ್ವ ತನ್ನ ಬ್ಯಾಂಡೇಜನ್ನೇ ನೋಡುತ್ತಾ ಕೂತಿದ್ದ. ಸಿಸ್ಟರ್ ಮೆಲ್ಲಗೆ ಹೇಳಿದರು, "ನಾಚಿಕೆ ನಾಳೆ ಹೋಗುತ್ತಪ್ಪಾ. ಕೋಪ ಬಂದರೆ ಮೊದಲು ಕೈಲಿರೋದನ್ನ ಕೆಳಗಿಡಿ. ಏನೇ ಇರಲಿ, ಪೆನ್ನಾದರೂ ಸರಿ."

ಅಷ್ಟರಲ್ಲಿ ಭೋಜಣ್ಣ ಫೋಟೊದವನನ್ನು ಕರೆದುಕೊಂಡು ಬಂದು ಸಿಸ್ಟರ್ ಪಕ್ಕದಲ್ಲಿ ನಿಂತರು. "ನಮ್ಮ ಸಂಘದ ಏರ್ಪಾಡು ಅಂತ ಪೇಪರಿಗೆ ಕೊಡೋಣ," ಎಂದರು. ನನಗೆ ತಡೆಯಲಾಗಲಿಲ್ಲ. "ಯಾವ ಏರ್ಪಾಡು? ಬಸ್ ಟಿಕೆಟ್ ಕೂಡ ಅವರದ್ದೇ!" ಎಂದು ಕೂಗುತ್ತಾ ಅವರ ಮುಖದೆದುರಿಗೇ ನುಗ್ಗಿ ನಿಂತಿದ್ದೆ. ಮುಂದಿನ ಬೆಂಚಿನ ಗೀತಾ ವಿನಯದಿಂದ ಎದ್ದು ನಿಂತಳು. "ಸಾರ್, ಮೊದಲು ಕೊಡೆ ಕೆಳಗಿಡಿ."

ನೋಡಿದರೆ, ನನ್ನ ಕೈಯಲ್ಲಿದ್ದ ಮಡಿಸಿದ ಕೊಡೆಯ ಮೊನೆ ಭೋಜಣ್ಣನ ಕೋಟಿನ ಗುಂಡಿಗೆ ತಾಗಿತ್ತು. ಎಲ್ಲರೂ ನೋಡುತ್ತಿದ್ದರು. ಕೆಳಗಿಡುವುದು ಪ್ರವೀಣ ಹೇಳಿದಷ್ಟೇ ಕಷ್ಟವಾಗಿತ್ತು. ಇಟ್ಟೆ. ಮೊದಲು ನಕ್ಕವರು ಭೋಜಣ್ಣ. "ಸರಿ ಸಾರ್, ಮಿಕ್ಕ ಸ್ಕೂಲುಗಳ ಖರ್ಚು ಸಂಘವೇ ಕೊಡುತ್ತೆ. ಆದರೆ ಒಂದು, ಎಲ್ಲಾ ಕಡೆ ನಿಂಗ ಮುಂದಿನ ಸಾಲಲ್ಲಿ ಕೂತು ಕೇಳಬೇಕು."

ಈಗ ಊರೂರಿಗೆ ಜೀಪಿನಲ್ಲಿ ಹೋಗಿ, ಮಕ್ಕಳ ಜೊತೆ ಕೂತು ಕೇಳುತ್ತಿದ್ದೇನೆ. ಕೈಲಿರುವುದನ್ನು ಕೆಳಗಿಡಿ ಎಂದು ಸಿಸ್ಟರ್ ಹೇಳಿದಾಗಲೆಲ್ಲ ಪಕ್ಕದಲ್ಲಿ ಕೂತ ಭೋಜಣ್ಣ ನನ್ನ ಕಡೆ ತಿರುಗಿ ಗಂಭೀರವಾಗಿ ತಲೆಯಾಡಿಸುತ್ತಾರೆ. ಎಂಥಾ ಸಿಟ್ಟು ಬರುತ್ತದೆ ಅಂತೀರಿ!