ಕಾಸಿಮೇಡಿನಲ್ಲಿ ಹಿಮಪ್ರಯಾಣ

ಪಂಢರಿನಾಥನಿಗೆ ಹಿಮದ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಅದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬೆಳೆಯುತ್ತದೆ, ಅದನ್ನು ಕರಗಿಸಿ ಒರೆಸುವುದು ಗಂಡನಾದವನ ಕರ್ತವ್ಯ. ನುಂಗಂಬಾಕ್ಕಂನ ವಿಮಾ ಕಚೇರಿಯಲ್ಲಿ ಮೋಟಾರು ವಿಭಾಗದ ಅಧಿಕಾರಿ ಆತ. ನಜ್ಜುಗುಜ್ಜಾದ ವಾಹನಗಳನ್ನು ದಿನಾ ನೋಡಿ ನೋಡಿ, ವಾಹನಶಾಸ್ತ್ರವೆಲ್ಲ ತನಗೆ ಕರತಲಾಮಲಕ ಎಂಬ ಭಾವನೆ ಬೆಳೆದುಬಿಟ್ಟಿತ್ತು.

ಎಂಬತ್ತನಾಲ್ಕರ ಡಿಸೆಂಬರಿನ ಒಂದು ಭಾನುವಾರ, ಟಿ. ನಗರದ ಅವನ ಮನೆಗೆ ಹೆಂಡತಿಯ ತಮ್ಮ ಕಮಲಾಕರ ಊಟಕ್ಕೆ ಬಂದ. ಅವನಿಗೆ ಹಿಮಾಚಲದ ವಿದ್ಯುತ್ ಯೋಜನೆಗೆ ವರ್ಗವಾಗಿತ್ತು. ಅಲ್ಲಿಗೆಂದೇ ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪೊಂದನ್ನು ಕೊಂಡಿದ್ದ. ಮದುವೆಯಾಗಿ ವರ್ಷ ತುಂಬದ ಅವನ ಹೆಂಡತಿ ಸುಮತಿ ಮಾತ್ರ ಸಾರನ್ನದ ಮುಂದೆ ಕೂತು ಕಣ್ಣೀರು ಹಾಕುತ್ತಿದ್ದಳು.

"ರಸ್ತೆ ಮೇಲೆ ಮೊಣಕಾಲುದ್ದ ಹಿಮವಂತೆ ಭಾವ. ಅದರ ಮೇಲೆ ಇವರು ಜೀಪು ಓಡಿಸ್ತಾರಂತೆ. ಇವರೊಬ್ಬರೇ ಹೋಗಲಿ, ನಾನು ಬರಲ್ಲ."

"ಸುಮತಿ, ಇಲ್ಲಿ ಕೇಳಮ್ಮ," ಎಂದ ಪಂಢರಿನಾಥ, ಉಪನ್ಯಾಸದ ಧಾಟಿಯಲ್ಲಿ. "ನಮ್ಮ ಕಾರುಗಳಲ್ಲಿ ಇಂಜಿನ್ನು ತಿರುಗಿಸೋದು ಎರಡೇ ಚಕ್ರ. ಉಳಿದೆರಡು ಸುಮ್ನೆ ಜೊತೇಲಿ ಉರುಳ್ತವೆ, ಈ ಮನೇಲಿ ನಾನಿದ್ದ ಹಾಗೆ. ಈ ಜೀಪಲ್ಲಿ ಒಂದು ಸಣ್ಣ ಲಿವರ್ ಎಳೆದರೆ ನಾಲ್ಕೂ ದುಡೀತವೆ. ಹಿಮ ಯಾವ ಲೆಕ್ಕ?"

"ನೀವು ನೋಡಿದೀರಾ ಭಾವ?"

ಪಂಢರಿನಾಥ ಇಡೀ ಹಪ್ಪಳವನ್ನು ಮುರಿದು ಬಾಯಿಗೆ ತುಂಬಿಕೊಂಡ.

"ನೋಡಿದಾರೆ, ಫ್ರಿಜ್ಜಲ್ಲಿ," ಎಂದಳು ಹೆಂಡತಿ ವೆಂಕಟಲಕ್ಷ್ಮಿ, ಪಲ್ಯ ಬಡಿಸುತ್ತ.

ತನ್ನ ಮನೆಯ ಓಣಿ ಇಕ್ಕಟ್ಟೆಂದು ಕಮಲಾಕರ ಜೀಪನ್ನು ಇವರ ಮನೆ ಮುಂದೆಯೇ ಬಿಟ್ಟುಹೋದ. ಸುಮತಿಯ ಪ್ರಶ್ನೆಯೂ ಅಲ್ಲೇ ಉಳಿಯಿತು. ಪಂಢರಿನಾಥನಿಗೆ ಅವಮಾನಕ್ಕಿಂತ ಕುತೂಹಲ ಹೆಚ್ಚಾಯಿತು. ನಿಜಕ್ಕೂ ಏನಾಗುತ್ತದೆ? ನಾಲ್ಕು ಚಕ್ರ ಎಳೆದರೆ ಜಾರುವುದೇ ಇಲ್ಲವೇ? ಬಿಸಿಲೂರಿನಲ್ಲಿ ಯಾರನ್ನು ಕೇಳುವುದು? ಎರಡು ದಿನ ತಲೆ ಕೆರೆದುಕೊಂಡ ಮೇಲೆ, ಮದರಾಸಿನಲ್ಲೂ ನೆಲದ ಮೇಲೆ ಮಂಜುಗಡ್ಡೆ ಬೀಳುವ ಜಾಗವೊಂದಿದೆ ಎಂಬುದು ಹೊಳೆಯಿತು.

"ಕಾಸಿಮೇಡಿಗಾ? ಮೀನು ಹರಾಜು ಹಾಕೋ ಜಾಗಕ್ಕೆ? ನಾವಾ?" ವೆಂಕಟಲಕ್ಷ್ಮಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು, ಈಗಲೇ ವಾಸನೆ ಬಂದವಳಂತೆ.

"ಮೀನಿಗಲ್ಲ ಕಣೇ, ಐಸಿಗೆ. ಅಲ್ಲಿ ಪುಡಿ ಐಸು ರಾಶಿ ರಾಶಿ ಚೆಲ್ಲಿರುತ್ತೆ."

"ಅಮ್ಮಂಗೆ ಏನು ಹೇಳ್ತೀರಿ?"

ಅಮ್ಮ ಎಂದರೆ ಪಂಢರಿನಾಥನ ತಾಯಿ ಭೀಮಾಬಾಯಿ. ಮೂರನೇ ಮನೆಯಲ್ಲಿ ಈರುಳ್ಳಿ ಹೆಚ್ಚಿದರೆ ಇಲ್ಲಿ ಮಡಿ ಕೆಟ್ಟಿತೆನ್ನುವ ಮೂಗು ಅವರದು.

"ಸಮುದ್ರಸ್ನಾನ ಅಂತೀನಿ."

"ಹಾಗಾದರೆ ನಾನೂ ಬರ್ತೀನಿ. ಹಿಮ ಅಂದರೆ ಏನೂಂತ ನಾನೂ ನೋಡಬೇಡವಾ?"

ಮರುದಿನ ಬೆಳಗ್ಗೆ ಇಬ್ಬರೂ ಜೀಪಿನ ಸಮೇತ ಕಾಸಿಮೇಡಿನಲ್ಲಿದ್ದರು. ಹರಾಜಿನ ಕೂಗಾಟ ಮುಗಿಲು ಮುಟ್ಟಿತ್ತು. ಪಕ್ಕದ ಐಸು ಕಾರ್ಖಾನೆಯ ಮುಂದೆ ಇಳಿಜಾರು; ಅದರ ಮೇಲೆ ಅಲ್ಲಲ್ಲಿ ಬಿಳಿ ಪುಡಿ. ವೆಂಕಟಲಕ್ಷ್ಮಿ ಚಪ್ಪಲಿ ಕಳಚಿ ಪಾದವಿಟ್ಟು ನೋಡಿ, "ಅಯ್ಯಪ್ಪಾ! ಹತ್ತಿಯ ಹಾಗಿರುತ್ತೆ ಅಂದುಕೊಂಡಿದ್ದೆ. ಇದು ಚುಚ್ಚುತ್ತೆ!" ಎಂದು ನಕ್ಕಳು.

"ಐಸ್ ಮೇಲೆ ವಂಡಿಯಾ? ಎದುಕ್ಕು ಸಾರ್?" ಐಸಿನ ಮೇಲೆ ಗಾಡಿ ಯಾತಕ್ಕೆಂದು ಕಾರ್ಖಾನೆಯ ಮೇಸ್ತ್ರಿ ಕೇಳಿದ.

"ಆರಾಯ್ಚಿ," ಎಂದ ಪಂಢರಿನಾಥ ಗಂಭೀರವಾಗಿ. ಸಂಶೋಧನೆ ಎಂದ ಮೇಲೆ ಸರ್ಕಾರದವರೇ ಇರಬೇಕೆಂದು ಮೇಸ್ತ್ರಿ ಇನ್ನಷ್ಟು ಐಸು ಸುರಿಸಿ ಹರಡಿಸಿದ.

ಮೊದಲು ಎರಡು ಚಕ್ರದ ಪರೀಕ್ಷೆ. ಇಂಜಿನ್ನು ಅಬ್ಬರಿಸಿತು, ಹಿಂದಿನ ಚಕ್ರಗಳು ಗಿರಗಿರ ತಿರುಗಿದವು, ಜೀಪು ನಿಂತಲ್ಲೇ ನಿಂತಿತ್ತು. ಆಮೇಲೆ ಸಣ್ಣ ಲಿವರ್ ಎಳೆದ. ಜೀಪು ಒಮ್ಮೆ ನಡುಗಿ, ಐಸನ್ನು ಕರಕರ ಅಗಿಯುತ್ತ ಇಳಿಜಾರನ್ನು ಹತ್ತಿಯೇಬಿಟ್ಟಿತು! ಪಂಢರಿನಾಥನಿಗೆ ಹಿಮಾಲಯವನ್ನೇ ಏರಿದಷ್ಟು ಸಂತೋಷ.

"ಹೊರಡೋದೇನೋ ಹೊರಟಿತು," ಕೆಳಗಿನಿಂದ ವೆಂಕಟಲಕ್ಷ್ಮಿ ಕೂಗಿದಳು. "ನಿಲ್ಲೋದು ಹೇಗೆ ರೀ?"

"ಬ್ರೇಕ್ ಇಲ್ಲವೇನೇ?" ಎಂದು ಆತ ಜೀಪು ತಿರುಗಿಸಿ ಠೀವಿಯಿಂದ ಇಳಿದು ಬಂದ. ಅರ್ಧ ದಾರಿಯಲ್ಲಿ ಬ್ರೇಕ್ ತುಳಿದ. ಚಕ್ರಗಳು ನಿಂತವು. ಜೀಪು ನಿಲ್ಲಲಿಲ್ಲ. ಎಡಕ್ಕೆ ತಿರುಗಿಸಿದ. ಚಕ್ರಗಳು ಎಡಕ್ಕೆ ತಿರುಗಿದವು, ಜೀಪು ನೆಟ್ಟಗೆ ಹೋಯಿತು. ಬ್ರೇಕು ಎಲ್ಲ ಕಾರುಗಳಲ್ಲೂ ಮೊದಲಿನಿಂದಲೇ ನಾಲ್ಕು ಚಕ್ರಕ್ಕೂ ಇದೆ, ನಿಲ್ಲುವ ವಿಷಯದಲ್ಲಿ ಈ ಜೀಪಿನ ಹೆಚ್ಚುಗಾರಿಕೆ ಏನೂ ಇಲ್ಲ ಎಂಬ ಜ್ಞಾನೋದಯ ಅವನಿಗಾದದ್ದು ಆ ಕ್ಷಣದಲ್ಲಿ. ಎದುರಿಗೆ ಮೀನು ಮಾರುವ ನಾಗಮಣಿ ಕೂತಿದ್ದಳು. ಅವಳು ಎದ್ದು ಪಕ್ಕಕ್ಕೆ ಸರಿದಳು. ಅವಳ ಬೂತಾಯಿ ಮೀನಿನ ಬುಟ್ಟಿಗಳಿಗೆ ಸರಿಯಲು ಬರಲಿಲ್ಲ. ಜೀಪು ಮೆತ್ತಗೆ ಅವುಗಳೊಳಗೆ ಮೂತಿಯಿಟ್ಟು ನಿಂತಿತು. ಮುಂದಿನ ಗಾಜು ಮಡಚಿಟ್ಟಿದ್ದರಿಂದ ಒಂದು ಬುಟ್ಟಿ ನೇರವಾಗಿ ಪಂಢರಿನಾಥನ ತೊಡೆಯ ಮೇಲೆ ಮಗುಚಿತು.

"ಯೋವ್! ಬ್ರೇಕ್ ಇಲ್ಲಾದ ವಂಡಿಯಾ?" ನಾಗಮಣಿ ಸೊಂಟಕ್ಕೆ ಕೈಯಿಟ್ಟಳು.

"ಬ್ರೇಕ್ ಇರುಕ್ಕಮ್ಮಾ. ಪಿಡಿಮಾನಂದಾನ್ ಇಲ್ಲೆ," ಎಂದ ಪಂಢರಿನಾಥ, ಹಿಡಿತವಿಲ್ಲದ್ದು ನೆಲಕ್ಕೋ ತನಗೋ ತಿಳಿಯದೆ.

ಚೆಲ್ಲಿದ ಮೀನನ್ನೆಲ್ಲ ಆಯ್ದು ಬುಟ್ಟಿಗೆ ತುಂಬಿದ ಹೊರತು ಬಿಡುವುದಿಲ್ಲ ಎಂದಳು ಅವಳು. ಏಕಾದಶಿ ತಪ್ಪಿಸದ ವಂಶದ ಕುಡಿ ಮಂಡಿಯೂರಿ ಎರಡೇ ಬೆರಳಲ್ಲಿ ಒಂದೊಂದೇ ಮೀನನ್ನು ಬಾಲ ಹಿಡಿದು ಎತ್ತತೊಡಗಿದ. ವೆಂಕಟಲಕ್ಷ್ಮಿ ಸ್ವಲ್ಪ ಹೊತ್ತು ನೋಡಿ, ಸೆರಗು ಸಿಕ್ಕಿಸಿ, ಎರಡೂ ಕೈಯಿಂದ ಬಾಚಿ ತುಂಬಿದಳು.

ಮನೆಯ ಗೇಟಿನಲ್ಲೇ ಭೀಮಾಬಾಯಿ ತಡೆದರು. "ಯಾವ ಸಮುದ್ರದಲ್ಲಿ ಮುಳುಗಿ ಬಂದಿರೋ? ಹಿತ್ತಿಲಿಗೆ ನಡೀರಿ ಇಬ್ಬರೂ!"

ಸೀಗೆಪುಡಿ ಹಚ್ಚಿಕೊಂಡು ಬಾವಿಕಟ್ಟೆಯಲ್ಲಿ ನಿಂತಿದ್ದಾಗಲೇ ಜೀಪು ಒಯ್ಯಲು ಕಮಲಾಕರನೂ ಸುಮತಿಯೂ ಬಂದರು. ಪಂಢರಿನಾಥ ಮುಚ್ಚಿಡಲಿಲ್ಲ. "ನಾನು ಹೇಳಿದ್ದು ಅರ್ಧವೇ ನಿಜ, ಸುಮತಿ. ನಾಲ್ಕು ಚಕ್ರ ಹತ್ತಿಸುತ್ತೆ, ನಿಲ್ಲಿಸಲ್ಲ. ಬ್ರೇಕ್ ನಂಬದೆ ಸಣ್ಣ ಗೇರಲ್ಲಿ ಮೆಲ್ಲಗೆ ಇಳೀಬೇಕು. ಚಕ್ರಕ್ಕೆ ಸರಪಳಿ ಸುತ್ತಬೇಕು."

ಇನ್ನು ಅವಳು ಹೋಗುವ ಮಾತಿಲ್ಲ ಎಂದುಕೊಂಡ. ಸುಮತಿ ಮಾತ್ರ ನಿಟ್ಟುಸಿರು ಬಿಟ್ಟು, "ಎಲ್ಲರೂ ಏನೂ ಆಗಲ್ಲ, ಏನೂ ಆಗಲ್ಲ ಅಂತಲೇ ಹೆದರಿಸಿದರು. ಏನಾಗುತ್ತೆ ಅಂತ ಹೇಳಿದವರು ನೀವೊಬ್ಬರೇ. ಈಗ ಧೈರ್ಯ ಬಂತು ಭಾವ, ಹೋಗ್ತೀನಿ," ಎಂದಳು.

ಒದ್ದೆ ಪಂಚೆಯಲ್ಲೇ ಪಂಢರಿನಾಥನ ಎದೆ ಉಬ್ಬಿತು.

"ಆದರೆ ಭಾವ, ರೈಲಿಂದ ಜೀಪು ಇಳಿಸಿದ ಮೇಲೆ ಬೆಟ್ಟಕ್ಕೆ ನೀವೇ ಓಡಿಸಬೇಕು. ನಮ್ಮ ಬಳಗದಲ್ಲಿ ಐಸಿನ ಮೇಲೆ ಗಾಡಿ ಓಡಿಸಿದವರು ಬೇರೆ ಯಾರಿದಾರೆ?"

ಕಾಪಾಡು ಎಂಬಂತೆ ಆತ ಹೆಂಡತಿಯ ಕಡೆ ನೋಡಿದ. "ರಜಾ ಬೇಕಾದಷ್ಟಿದೆ," ಎಂದಳು ವೆಂಕಟಲಕ್ಷ್ಮಿ, ತಲೆಗೆ ನೀರು ಸುರಿದುಕೊಳ್ಳುತ್ತ. "ನಾನೂ ಬರ್ತೀನಿ. ನಿಜವಾದ ಹಿಮ ನೋಡಬೇಕು."

ಅದೇ ಸಂಜೆ ಟಿ. ನಗರದ ಬಟ್ಟೆ ಅಂಗಡಿಯಲ್ಲಿ, ತಿರುಗದ ಫ್ಯಾನಿನ ಕೆಳಗೆ, ದಪ್ಪ ಉಣ್ಣೆಯ ಸ್ವೆಟರಿನೊಳಗೆ ಪಂಢರಿನಾಥ ಬೆವರಿನಲ್ಲಿ ತೊಯ್ದು ನಿಂತಿದ್ದ.

"ಇದಕ್ಕಿಂತ ದಪ್ಪದ್ದು ಇಲ್ಲವಾ?" ಎಂದು ವೆಂಕಟಲಕ್ಷ್ಮಿ ತಮಿಳಿನಲ್ಲಿ ಅಂಗಡಿಯವನನ್ನು ಕೇಳಿದಳು. "ಚಳಿ ಜಾಗ. ಜೀಪು ಓಡಿಸೋರು ಇವರೇ."

ಅಂಗಡಿಯವನು ಅದುವರೆಗೆ ಹಿಡಿದಿದ್ದ ನೀಲಿ ಸ್ವೆಟರನ್ನು ಮೇಲಿನ ಕಪಾಟಿಗೆ ವಾಪಸು ಇಟ್ಟ.

"ಡ್ರೈವರಾ? ಅಪ್ಪೋ ಖಾಕಿ ಕಲರ್ ತರಟ್ಟುಮಾಮ್ಮಾ?"

ವೆಂಕಟಲಕ್ಷ್ಮಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಕೊಡಿ," ಎಂದಳು. "ಕೊಳೆ ಕಾಣಲ್ಲ."